ಬಿಸಿ ತಾಗದ ಕೈ

ನಾನು ಮದುವೆಯಾಗಿ ಕೋಡ್ಲಾಕ್ಕೆ ಬಂದ ಮೂರನೆಯ ವರ್ಷ. ಕೊರೊನಾ ಕಳೆದು ಮನೆಗೆ ಮತ್ತೆ ನೆಂಟರು ಬರತೊಡಗಿದ್ದರು. ಬಂದವರೆಲ್ಲ ನನ್ನ ರೊಟ್ಟಿ ನೋಡಲು ಅಡುಗೆಮನೆಗೆ ಇಣುಕುತ್ತಿದ್ದರು. “ನಮ್ ಸೊಸಿ ಕಾದ ಹಂಚಿನ ಮ್ಯಾಲಿನ ರೊಟ್ಟಿ ಬರಿಗೈಲೆ ತಿರುವ್ತಾಳ. ಆಕಿ ಕೈಗಿ ಬಿಸಿನೇ ತಾಗಲ್ಲ,” ಎಂದು ಅತ್ತೆ ಹೇಳುವಾಗ ನಾನೂ ಉಬ್ಬುತ್ತಿದ್ದೆ. ನಮ್ಮತ್ತೆಯ ಬಾಯಿಂದ ಹೊಗಳಿಕೆ ಬರುವುದು ಸುಲಭದ ಮಾತಲ್ಲ.

ಒಂದು ಬೆಳಿಗ್ಗೆ ರೊಟ್ಟಿ ತಿರುವುತ್ತಿದ್ದಾಗ ಸುಟ್ಟ ವಾಸನೆ ಬಂತು. ನೋಡಿದರೆ ನನ್ನದೇ ಕಿರುಬೆರಳು ಹಂಚಿಗೆ ತಾಗಿಕೊಂಡಿತ್ತು. ಬೊಬ್ಬೆ ಎದ್ದಿತ್ತು, ನೋವು ಮಾತ್ರ ಇರಲಿಲ್ಲ. ಗಾಬರಿಯಾಗಿ ತೋಳು ಸರಿಸಿ ನೋಡಿಕೊಂಡೆ. ಕುಪ್ಪಸದ ತೋಳಿನಡಿ, ಮೊಣಕೈ ಹತ್ತಿರ, ಒಂದು ಮಾಸಲು ಮಚ್ಚೆ ಮೊದಲಿನಿಂದಲೂ ಇತ್ತು. ಚಿಬ್ಬು ಅಂದುಕೊಂಡು ಸುಮ್ಮನಿದ್ದೆ. ಆ ದಿನವಿಡೀ ಕೈಯನ್ನು ಚಿವುಟಿ ಚಿವುಟಿ ನೋಡಿಕೊಂಡೆ.

ಅದೇ ವಾರ ಆಶಾ ಕಾರ್ಯಕರ್ತೆ ರೇಣುಕಾ ಕುಷ್ಠರೋಗದ ತಪಾಸಣೆಗೆ ಬಂದರು. ಅವರು ದಲಿತರ ಓಣಿಯವರು, ನಮ್ಮ ಹೊಸ್ತಿಲು ದಾಟುವಂತಿರಲಿಲ್ಲ. ನಾನು ಸೊಸೆ, ಅಂಗಳದಲ್ಲಿ ನಾಲ್ಕು ಜನರೆದುರು ತೋಳು ಸರಿಸುವಂತಿರಲಿಲ್ಲ. “ಹೆಣ್ಮಕ್ಕಳಿಗೇನ್ ಆಗಿಲ್ಲ, ಬರ್ಕೊಂಡು ಹೋಗು,” ಎಂದು ಅತ್ತೆ ಕಳಿಸಿಯೇಬಿಟ್ಟರು. ಪ್ರತಿ ಸಲ ಹೀಗೇ ಆಗುತ್ತಿತ್ತು.

ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅತ್ತೆ ತೊಗರಿ ಹೊಲದ ಕಡೆ ಹೋದದ್ದೇ ತಡ, ಓಣಿಗೆ ಓಡಿ ರೇಣುಕಾರನ್ನು ಹೊಸ್ತಿಲವರೆಗೆ ಕರೆತಂದೆ.

“ಒಳಗ ಬರ್ರಿ ಅಕ್ಕಾ.”

“ನಿಮ್ಮತ್ತಿ ನೋಡಿದ್ರ?”

“ನೋಡ್ಲಿ. ಬರ್ರಿ.”

ಒಲೆಯ ಪಕ್ಕದಲ್ಲಿ ಕೂತು ಮಚ್ಚೆ ತೋರಿಸಿದೆ. ರೇಣುಕಾ ನನ್ನ ಕಣ್ಣು ಮುಚ್ಚಿಸಿದರು. “ಪೆನ್ನಿಲೆ ಮುಟ್ತೀನ್ರಿ. ಎಲ್ಲಿ ಮುಟ್ಟೀನಿ ಅಂತ ಹೇಳ್ರಿ.”

ಕಾದೆ. ಕಾದು ಸಾಕಾಗಿ, “ಯಾವಾಗ ಮುಟ್ತೀರಿ?” ಎಂದೆ.

“ಆಗಲೇ ಮುಟ್ಟೀನ್ರಿ. ಎರಡು ಸಲ.”

ಇನ್ನು ನನ್ನನ್ನು ತವರಿಗೆ ಅಟ್ಟುತ್ತಾರೆಂದು ಅತ್ತುಬಿಟ್ಟೆ. “ಅಳಬ್ಯಾಡ್ರಿ. ಗುಳಿಗಿ ಅದಾವ, ಪುಕಟ್ ಕೊಡ್ತಾರ, ಆರಾಮ ಆಗ್ತದ. ತಡಾ ಮಾಡಿದ್ರ ಬೆರಳು ಮಡಚಿಕೋತಾವ,” ಎಂದರು ರೇಣುಕಾ. ಬೆರಳು ಮಡಚಿಕೊಂಡರೆ ರೊಟ್ಟಿ ಬಡಿಯುವುದು ಹೇಗೆ, ಈ ಮನೆಯಲ್ಲಿ ಉಳಿಯುವುದು ಹೇಗೆ? ಸಂಜೆ ಗಂಡನಿಗೆ ಹೇಳಿದೆ. ಅವರು, “ಮುಂಜಾನಿ ಸೇಡಂ ದವಾಖಾನಿಗಿ ಹೋಗಾಮು,” ಎಂದರು.

ಎಲ್ಲವನ್ನೂ ಕೇಳಿಸಿಕೊಂಡ ಅತ್ತೆ ಮೊದಲು ಕೇಳಿದ್ದು ಇಷ್ಟೇ: “ಆಕಿ ಒಲಿ ತನಕ ಬಂದಿದ್ಲೇನು?”

ನನ್ನ ಕೈ ಹೇಗಿದೆಯೆಂದು ಕೇಳಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಗುಳಿಗೆ ಮುಗಿದು ಈಗ ಬಹಳ ದಿನವಾಯಿತು. ಬೆರಳುಗಳು ನೆಟ್ಟಗಿವೆ, ಕಿರುಬೆರಳಿಗೂ ಬಿಸಿ ಅಷ್ಟಿಷ್ಟು ತಿಳಿಯುತ್ತದೆ. ರೊಟ್ಟಿಯನ್ನು ಬಟ್ಟೆ ಹಿಡಿದು ತಿರುವುತ್ತೇನೆ, ಯಾರೂ ಹೊಗಳುವುದಿಲ್ಲ.

ಮೊನ್ನೆ ಚಿತ್ತಾಪುರದಲ್ಲಿ ನೆಂಟರ ಮನೆಯ ಸೀಮಂತಕ್ಕೆ ಹೋಗಿದ್ದೆ. ಊಟಕ್ಕೆ ಕುಳಿತಾಗ ಆ ಮನೆಯ ಹಿರಿಯರು, “ನಮ್ ಸಣ್ಣ ಸೊಸಿ ಕೈಗಿ ಬಿಸಿನೇ ತಾಗಲ್ಲ ನೋಡ್ರಿ,” ಎಂದರು. ಎಲ್ಲರೂ ಮೆಚ್ಚಿ ತಲೆಯಾಡಿಸಿದರು. ನಾನು ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಅಡುಗೆಮನೆಗೆ ಎದ್ದು ಹೋದೆ.