ಕಾಕೂನ ಹಣೆ, ನನ್ನ ಅಡ್ಡಹೆಸರು

ಅವರ ಹಣೆಯ ಕುಂಕುಮ ಹಳೆಯ ರೂಪಾಯಿ ನಾಣ್ಯದಷ್ಟು ಅಗಲವಿತ್ತು. ಮೊದಲು ಉಂಗುರದ ಬೆರಳಿನಿಂದ ಮೇಣ ತಿಕ್ಕಿ, ಅದರ ಮೇಲೆ ಕುಂಕುಮ ಒತ್ತಿ, ಅಂಚನ್ನು ಸೆರಗಿನ ತುದಿಯಿಂದ ದುಂಡಗೆ ತೀಡುತ್ತಿದ್ದರು. ಎರಡೂ ಕೈತುಂಬ ಹಸಿರು ಬಳೆ. ಅವರು ಭಾಂಡೆ-ಪಾತ್ರೆ ತಿಕ್ಕಲು ಕೂತರೆ ಬಳೆಯ ಸದ್ದಿಗೆ ಇಡೀ ಓಣಿಗೆ ಗೊತ್ತಾಗುತ್ತಿತ್ತು. ಚಿಕ್ಕೋಡಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ಅವರು. ಓಣಿಯವರೆಲ್ಲ ಕರೆಯುವಂತೆ ನಾನೂ ಕಾಕು ಎಂದೇ ಕರೆಯುತ್ತಿದ್ದೆ.

ಮೊಬೈಲು ಆಗಷ್ಟೇ ಎಲ್ಲರ ಕೈಗೆ ಬರುತ್ತಿದ್ದ ಕಾಲ. ಕೋರ್ಟಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕು ಬಂದವಳು ಖೋಲಿ ಹುಡುಕುತ್ತಿದ್ದೆ. ಯಾವ ಬಾಗಿಲಿಗೆ ಹೋದರೂ ಬಾಡಿಗೆ ಎಷ್ಟೆಂದು ಹೇಳುವ ಮೊದಲೇ ಪ್ರಶ್ನೆ: "ಅಡ್ಡಹೆಸರೇನ್ರಿ?" ನಮ್ಮ ಸೀಮೆಯಲ್ಲಿ ಅಡ್ಡಹೆಸರು ಹೇಳಿದರೆ ಜಾತಿ, ಕೇರಿ, ನೀರು ಕೊಡುವ ತಂಬಿಗೆ, ಎಲ್ಲವೂ ಇತ್ಯರ್ಥವಾಗಿಬಿಡುತ್ತದೆ. ಅಪ್ಪನ ಅಡ್ಡಹೆಸರು ಕಾಂಬಳೆ. ಅದನ್ನು ಕೇಳಿದ ಮೇಲೆ ನಮ್ಮ ಕಡೆ ಯಾರೂ ಕೇರಿ ಯಾವುದೆಂದು ಬೇರೆ ಕೇಳುವುದಿಲ್ಲ. ನನ್ನನ್ನು ಸಾಲೆಗೆ ಹಾಕುವಾಗ ಅಪ್ಪ ಅದನ್ನು ಬಿಟ್ಟು ಊರ ಹೆಸರು ಬರೆಸಿದ್ದ. "ಹೆಸರ ಕೇಳಿ ನನ್ನ ಮೂಲ್ಯಾಗ ಕುಂದರಸ್ತಿದ್ರು. ನೀ ಮುಂದ ಕುಂಡ್ರು," ಎಂದಿದ್ದ. ಹೀಗೆ ನಾನು ಕೊಕಟನೂರ ಆದೆ.

ಆ ಹೆಸರು ಕೇಳಿದ್ದೇ ಕಾಕೂನ ಮುಖ ಅರಳಿತು. "ಎಲ್ಲಮ್ಮನ ಊರಾಕಿ ಏನ? ಮತ್ತೇನ ಕೇಳೂದೈತಿ! ಚೀಲಾ ಒಳಗಿಡು."

ನನ್ನ ಕನ್ನಡಕ, ಎಣ್ಣೆ ಹಚ್ಚಿ ಹೆಣೆದ ಜಡೆ, ಮೆಲುಮಾತು ನೋಡಿ ಉಳಿದದ್ದನ್ನು ಅವರೇ ಲೆಕ್ಕ ಹಾಕಿಕೊಂಡರು. ನಾವು ಬೌದ್ಧರು, ನಮ್ಮೂರಿನದೇ ಆದರೂ ಆ ಎಲ್ಲಮ್ಮನ ಗುಡಿಯ ಮೆಟ್ಟಿಲನ್ನು ನಾನು ಹತ್ತಿದವಳಲ್ಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಹೇಳಿದ್ದರೆ ಬಸ್ ಸ್ಟ್ಯಾಂಡೇ ಗತಿಯಾಗುತ್ತಿತ್ತು.

"ಮಾರಿ ನೋಡಿ ಮಣಿ ಹಾಕೂ ಮಂದಿ" ಎಂದು ಕಾಕು ಊರವರನ್ನೆಲ್ಲ ಬೈಯುತ್ತಿದ್ದರು. ತಾವು ಮಾಡುತ್ತಿದ್ದುದೂ ಅದನ್ನೇ. ಹಾಲಿನವನಿಗೆ ಹೊಸ್ತಿಲು, ಪಕ್ಕದ ಮನೆಯವಳಿಗೆ ಚಾಪೆ, ಗೌಡರ ಸೊಸೆಗೆ ಹಿತ್ತಾಳೆ ಹೂ ಬಡಿದ ಮಣೆ. ನನಗೂ ಮೊದಲ ದಿನವೇ ಆ ಮಣೆ ಸಿಕ್ಕಿತ್ತು. ಅದರ ಮೇಲೆ ಕೂತಾಗೆಲ್ಲ ಯಾವಾಗ ಎಬ್ಬಿಸುತ್ತಾರೋ ಎಂದು ಅಂಚಿಗೇ ಸರಿದಿರುತ್ತಿದ್ದೆ.

ಓಣಿಯಲ್ಲಿ ಯಾರ ಉಡಿ ತುಂಬುವುದಿದ್ದರೂ ಮೊದಲ ಕರೆ ಕಾಕೂಗೆ. ವಟಸಾವಿತ್ರಿ ಹುಣ್ಣಿಮೆಗೆ ಆಲದ ಮರಕ್ಕೆ ನೂಲು ಸುತ್ತುವಾಗಲೂ ಅವರೇ ಮುಂದು. "ನಮ್ಮ ಮಾಲಕರು ಮುಂಬೈದಾಗ ಅದಾರ. ರಜಾನ ಸಿಗವಲ್ದು ಅವರಿಗೆ," ಎಂದು ಗಂಡನ ಬಗ್ಗೆ ಹೇಳುತ್ತಿದ್ದರು. ನಾನಿದ್ದಷ್ಟು ಕಾಲವೂ ಆ ಮಾಲಕರಿಗೆ ರಜೆ ಸಿಗಲೇ ಇಲ್ಲ. ಸಂಜೆ ಹೆಂಗಸರೆಲ್ಲ ಎದ್ದುಹೋದ ಮೇಲೆ ಕಾಕು ಹೊಸ್ತಿಲಲ್ಲಿ ಬಳೆ ತಿರುವುತ್ತ ಕೂತಿರುತ್ತಿದ್ದರು. ಆಮೇಲೆ ನನ್ನನ್ನು ಕರೆದು ಭಕ್ಕರಿ, ಶೇಂಗಾ ಹಿಂಡಿ ಇಟ್ಟು, "ಒಬ್ಬಾಕೀನ ಉಂಡ್ರ ಗಂಟಲದಾಗ ಇಳಿಯೂದಿಲ್ಲ ತಂಗಿ," ಎನ್ನುವರು. ಆ ಊರಿನಲ್ಲಿ ನನ್ನನ್ನು ಉಣ್ಣಲು ಕರೆಯುವವರು ಬೇರೆ ಯಾರೂ ಇರಲಿಲ್ಲ.

ಒಂದು ಭಾನುವಾರ ಹೇಳದೆ ಕೇಳದೆ ಅಪ್ಪ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಬಾಳೆಹಣ್ಣು. ಕಾಕು ಸಂಭ್ರಮದಿಂದ ಮಣೆ ತರಲು ಹೋದರು. ತರುತ್ತ ತರುತ್ತಲೇ, "ನಿಮ್ಮ ಹೆಸರೇನ್ರಿ ಅಣ್ಣಾರ?" ಎಂದರು. ಅಪ್ಪ ತನ್ನ ವಿಷಯದಲ್ಲಿ ಎಂದೂ ಏನನ್ನೂ ಮುಚ್ಚಿಡದವನು. ಪೂರ್ತಿ ಹೆಸರು ಹೇಳಿದ, ಕಾಂಬಳೆ ಸಮೇತ.

ಮಣೆ ಕಾಕೂನ ಕೈಯಲ್ಲೇ ಉಳಿಯಿತು. ಅಪ್ಪ ಒಮ್ಮೆ ಅದನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. "ಇರಲಿ ಬಿಡ್ರಿ, ಇಲ್ಲೇ ಬೇಶ್ ಐತಿ," ಎಂದು ನೆಲದ ಮೇಲೆ ಕೂತ. ಚಹಾ ಕುಡಿದು, ಕಪ್ಪನ್ನು ತಾನೇ ತೊಳೆದಿಟ್ಟು ಹೋದ. ಅವನು ಕಪ್ಪು ತೊಳೆಯುತ್ತಿದ್ದುದನ್ನು ನೋಡಲಾಗದೆ ನಾನು ಗೋಡೆ ನೋಡುತ್ತ ನಿಂತಿದ್ದೆ.

ಮರುದಿನದಿಂದ ಭಕ್ಕರಿ ನನ್ನ ಖೋಲಿಯ ಬಾಗಿಲಿಗೆ ಬರತೊಡಗಿತು, ಮೇಲೊಂದು ತಾಟು ಮುಚ್ಚಿಕೊಂಡು. ಮಾತಿಲ್ಲ, ಕರೆಯಿಲ್ಲ. ನಿಜಕ್ಕೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕೆಲವು ದಿನ ತಡೆದು, ಕೊನೆಗೊಂದು ಮಧ್ಯಾಹ್ನ ಚೀಲ ತುಂಬಲು ಕೂತೆ.

ಬಳೆಯ ಸದ್ದಾಯಿತು. ತಲೆಯೆತ್ತಿದರೆ ಬಾಗಿಲಲ್ಲಿ ಕಾಕು. ಕ್ಷಣಹೊತ್ತು ಗುರುತೇ ಹತ್ತಲಿಲ್ಲ. ಹಣೆಯಲ್ಲಿ ಕುಂಕುಮವಿರಲಿಲ್ಲ. ಅದಿದ್ದ ಜಾಗದಲ್ಲಿ ಚರ್ಮ ಬೆಳ್ಳಗೆ, ದುಂಡಗೆ ಕಾಣುತ್ತಿತ್ತು.

"ಎಲ್ಲಿಗೆ ಹೊಂಟಿ?"

"ಬ್ಯಾರೆ ಖೋಲಿ ನೋಡ್ತೀನ್ರಿ ಕಾಕು."

"ಅಲ್ಲೂ ಹೆಸರ ಕೇಳ್ತಾರ," ಎಂದು ಒಳಗೆ ಬಂದು ನೆಲದ ಮೇಲೆ ಕೂತರು. "ಮಾಲಕರು ಮುಂಬೈದಾಗ ಇಲ್ಲ ತಂಗಿ. ಮಿರಜದಾಗ ಮತ್ತೊಬ್ಬಾಕಿ ಕೂಡ ಸಂಸಾರ ಮಾಡಿದ್ರು. ಒಮ್ಮೆ ಕಣ್ಣ ತೋರಸಾಕ ಮಿರಜಕ್ಕ ಹೋದಾಗ ಆ ಮನಿ ಮುಂದ ಹಾದೆ. ಒಳಗ ಗ್ವಾಡಿಗೆ ಅವರ ಫೋಟೊ, ಅದಕ್ಕ ಹಾರ. ಯಾವಾಗ ಸತ್ರೋ, ನನಗ್ಯಾರೂ ಹೇಳಲಿಲ್ಲ. ಅಲ್ಲೇ ಹೊಳ್ಳಿ, ಹೊಸಾ ಹಸರ ಬಳಿ ಇಟಗೊಂಡು ಬಸ್ ಹತ್ತಿದೆ."

"ಬಳೀರಿ?"

"ಮತ್ತೇನ ಮಾಡ್ಲಿ? ಕುಂಕಮಾ ಒರಸಿದ್ರ ನನ್ನ ಯಾರ ಕರೀತಾರ? ಮೂಲ್ಯಾಗ ಕುಂದರಸ್ತಾರ."

ಅಪ್ಪನ ಮಾತು ಅವರ ಬಾಯಿಂದ ಬಂದದ್ದು ಕೇಳಿ ನನಗೆ ಅಳು ಬಂತು. ಕಾಕು ಅಳಲಿಲ್ಲ. "ನಿಮ್ಮ ಅಪ್ಪಾರನ್ನ ನೆಲಕ್ಕ ಕುಂದರಿಸಿದೆ. ಮತ್ತೊಮ್ಮೆ ಬರಾಕ ಹೇಳು," ಎಂದರು. ಸೆರಗಿನಲ್ಲಿ ಕಟ್ಟಿ ತಂದಿದ್ದ ಡಬ್ಬಿ ಬಿಚ್ಚಿ, ನನ್ನ ಕನ್ನಡಿಯ ಮುಂದೆಯೇ ಮತ್ತೆ ಮೇಣ ತಿಕ್ಕಿ, ಕುಂಕುಮ ಒತ್ತಿಕೊಂಡು ಎದ್ದರು. "ಓಣ್ಯಾಗ ನಂದೂ ಹೇಳಬ್ಯಾಡ, ನಿಂದೂ ಹೇಳಬ್ಯಾಡ."

ಅಪ್ಪ ಮತ್ತೆ ಬರಲಿಲ್ಲ. "ಆಕೀನ ಏನ ಅನ್ನಬ್ಯಾಡ, ಪಾಪ," ಎಂದ. ಆದರೆ ಬರಲಿಲ್ಲ.

ಆಮೇಲೆ ನಾನು ಅಲ್ಲಿದ್ದ ವರ್ಷಗಳಲ್ಲಿ ಕೆಲವು ಮಧ್ಯಾಹ್ನ ಕಾಕು ಬಾಗಿಲಿಗೆ ಅಗಳಿ ಹಾಕಿ, ಬರಿಹಣೆಯಲ್ಲಿ ನನ್ನೆದುರು ಕೂರುತ್ತಿದ್ದರು. ಬುದ್ಧ ಹುಣ್ಣಿಮೆಗೆ ನಮ್ಮ ಮನೆಯಲ್ಲಿ ಏನು ಮಾಡುತ್ತಾರೆ ಎಂದು ಕೇಳಿದರು. ಖೀರು ಎಂದೆ. ಆ ವರ್ಷ ಮಾಡಿದರು, ಸಕ್ಕರೆ ಹೆಚ್ಚಾಗಿತ್ತು. ಆ ಊರಿನಲ್ಲಿ ನಾನು ಕಾಂಬಳೆಯ ಮಗಳಾಗಿ ಉಸಿರಾಡಿದ್ದು ಆ ಅಗಳಿ ಹಾಕಿದ ಬಾಗಿಲಿನ ಹಿಂದೆ ಮಾತ್ರ.

ಅಥಣಿಗೆ ವರ್ಗವಾಗಿ ಕೆಲವು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಪಕ್ಕದ ಮನೆಯವಳ ಫೋನು ಬಂತು. ಹೋಗುವಷ್ಟರಲ್ಲಿ ಕಾಕೂಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿದ್ದರು. "ಪುಣ್ಯವಂತಿ, ಮುತ್ತೈದಿಯಾಗಿ ಹೋದ್ಲು," ಎಂದು ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. "ಮಾಲಕರ ಫೋನ್ ನಂಬರ ನಿನಗರೆ ಗೊತ್ತೈತೇನ?" ಎಂದರು.

"ಇಲ್ರಿ," ಎಂದೆ.

ಹಣೆಯ ಕುಂಕುಮ ನಿಲ್ಲದೆ ಉದುರುತ್ತಿತ್ತು. ಮೇಣ ಹಚ್ಚದೆ ಇಟ್ಟಿದ್ದರು. ಕನ್ನಡಿಯ ಹಿಂದಿನ ಮೇಣದ ಡಬ್ಬಿ ತಂದು ನಾನು ಬಗ್ಗುವಷ್ಟರಲ್ಲಿ, ನಾನರಿಯದ ಒಬ್ಬ ಮುದುಕಿ ನನ್ನ ಕೈ ಹಿಡಿದಳು. "ನೀ ಯಾರಬೇ? ಅಡ್ಡಹೆಸರೇನ?"

ಕಾಕೂನ ಮುಖ ನೋಡಿದೆ.

"ಕೊಕಟನೂರ್ರಿ."

"ಎಲ್ಲಮ್ಮನ ಊರಾಕಿ! ಹಚ್ಚವಾ, ಹಚ್ಚು."

ಮೇಣ ತಿಕ್ಕಿದೆ. ಹಳೆಯ ರೂಪಾಯಿಯಷ್ಟು ಅಗಲ ಕುಂಕುಮ ಒತ್ತಿ, ನನ್ನ ಸೆರಗಿನ ತುದಿಯಿಂದ ಅಂಚು ದುಂಡಗೆ ಮಾಡಿದೆ. ಅವರ ಹಣೆ, ನನ್ನ ಹೆಸರು ಎರಡನ್ನೂ ಬಲ್ಲವರು ಆ ಮನೆಯಲ್ಲಿ ಇಬ್ಬರೇ ಇದ್ದೆವು. ಈಗ ನಾನೊಬ್ಬಳೇ.