ಒಡಪಿನಲ್ಲಿ ಹೇಳಿದ ಅಧಿಕಾರ

ಮಕ್ಕಳೇ, ನಿನ್ನೆ ನಿಮ್ಮ ಇಂಗ್ಲಿಷ್ ಪುಸ್ತಕದಲ್ಲಿ ‘ಆಥರೈಜ್’ ಎಂಬ ಪದದ ಮುಂದೆ ‘ಅಧಿಕಾರ ಕೊಡು’ ಎಂದು ಬರೆದದ್ದು ಕಂಡು ನನ್ನಷ್ಟಕ್ಕೆ ನಕ್ಕೆ. ಹುಕ್ಕೇರಿ ಕಡೆಯ ಹಳ್ಳಿಯಲ್ಲಿ ಏಳನೇ ಇಯತ್ತೆಗೇ ಶಾಲೆ ಬಿಟ್ಟವಳು ನಾನು. ನನಗೆ ಬರುವ ದೊಡ್ಡ ಇಂಗ್ಲಿಷ್ ಪದ ಇದೊಂದೇ. ಅದನ್ನೂ ತಪ್ಪಾಗಿಯೇ ಕಲಿತೆ.

ಅದನ್ನು ಕಲಿತ ವರ್ಷ ನಿಮ್ಮ ಅಜ್ಜ ಚಕ್ಕಡಿಯಿಂದ ಬಿದ್ದು, ಕಾಲು ಮುರಿದು, ಗೋಕಾಕದ ಆಸ್ಪತ್ರೆಯಲ್ಲಿದ್ದರು. ಗೋವಿನಜೋಳ ತೆನೆಗೆ ಬಂದಿತ್ತು. ಕಾಲುವೆ ನೀರಿನ ಅರ್ಜಿಗೆ ಕಡೆಯ ದಿನ ಬಂದೇಬಿಟ್ಟಿತು. ತಪ್ಪಿದರೆ ಬೆಳೆ ನಿಂತಲ್ಲೇ ಒಣಗುತ್ತಿತ್ತು. ಅವರು ಮಲಗಿದಲ್ಲೇ ಚೀಟಿ ಬರೆದು, “ನನ್ನ ಬದ್ಲಿ ನೀ ಸಹಿ ಮಾಡಿ ಬಾ” ಎಂದರು. ಬಾಗಿಲಿಗೆ ಬಂದ ಬಳೆಗಾರನೊಡನೆ ಮಾತಾಡಲೂ ಅತ್ತೆಯವರನ್ನು ಮುಂದೆ ಬಿಡುತ್ತಿದ್ದ ನಾನು ಮೂಡಲಗಿಯ ಬಸ್ಸು ಹತ್ತಿದೆ.

ಅಲ್ಲಿನ ನೀರಾವರಿ ಕಚೇರಿಯ ಕ್ಲಾರ್ಕ್ ತಲೆಯೆತ್ತದೆ ಕೇಳಿದರು: “ಯಜಮಾನ್ರು ಆಥರೈಜ್ ಮಾಡ್ಯಾರೇನ್ರಿ?”

ನನಗೆ ಆಪರೇಶನ್ ಎಂದು ಕೇಳಿಸಿತು. “ಇಲ್ರಿ ಸಾಹೇಬ್ರ, ಬರೇ ಪ್ಲಾಸ್ಟರ್ ಹಾಕ್ಯಾರ.”

ಪಾಳಿಯಲ್ಲಿ ನಿಂತ ರೈತರೆಲ್ಲ ಗೊಳ್ಳೆಂದರು. ಕ್ಲಾರ್ಕೂ ನಕ್ಕು, “ಅಲ್ರೀ ಯವ್ವಾ, ಸಹಿ ಮಾಡಾಕ ನಿಮಗ ಅಧಿಕಾರ ಕೊಟ್ಟಾರೇನು ಅಂತ” ಎಂದರು. ಚೀಟಿ ಕೊಟ್ಟೆ. “ಈ ಸಹಿ ಓದಾಕ ಬರವಲ್ದು. ಅವರ ಹೆಸರ ಹೇಳ್ರಿ.”

ಗಂಡನ ಹೆಸರು! ನಮ್ಮ ಕಡೆ ಹೆಂಗಸರು ಅದನ್ನು ಹಾಗೇ ಆಡುವುದಿಲ್ಲ; ಮದುವೆ ಮುಂಜಿಯಲ್ಲಿ ಒಡಪು ಕಟ್ಟಿ, ಪ್ರಾಸದೊಳಗೆ ಮರೆಮಾಡಿ ಹೇಳುತ್ತೇವೆ. ಚೀಟಿಯ ಮೇಲಿನ ಸಹಿಯತ್ತಲೇ ಬೆರಳು ತೋರಿಸಿದೆ. ಕ್ಲಾರ್ಕ್ ಗಡಿಯಾರ ನೋಡಿ ರಿಜಿಸ್ಟರ್ ಮುಚ್ಚಹೋದರು.

“ಒಡಪರೆ ಹಾಕ ಬೇ ಅಕ್ಕಾ, ನಮ್ಮ ಪಾಳೇನೂ ಬರ್ಲಿ!” ಎಂದು ಹಿಂದಿನಿಂದ ಯಾರೋ ಕೂಗಿದರು. ಕಣ್ಣು ಮುಚ್ಚಿ ಅಂದುಬಿಟ್ಟೆ:

“ಕಾಲುವಿಗೆ ನೀರ ಬಂದ್ರ ಗೋವಿನಜೋಳ ತೂಗತೈತಿ,
ಈರಪ್ಪನವ್ರ ಬದ್ಲಿ ಸಹಿ ಮಾಡಾಕ ಕೈಯಿ ನಡಗತೈತಿ.”

ಈ ಸಲ ಯಾರೂ ನಗಲಿಲ್ಲ. ಕ್ಲಾರ್ಕ್ ತಮ್ಮ ಪೆನ್ನನ್ನೇ ಮುಂದೆ ಹಿಡಿದರು. ನಾಲ್ಕನೆಯ ದಿನ ಹೊಲಕ್ಕೆ ನೀರು ಹಾಯಿತು.

ಅಜ್ಜ ಕೋಲೂರಿ ಮನೆಗೆ ಬಂದ ಮೇಲೆ ಮುಂದಿನ ಅರ್ಜಿಯನ್ನು ಅವರ ಮುಂದಿಟ್ಟೆ. ಹಿಂದಕ್ಕೆ ಸರಿಸಿದರು. “ನೀನ ಮಾಡು. ನಿನ್ನ ಸಹಿ ಓದಾಕರೆ ಬರತೈತಿ.” ಅಧಿಕಾರ ಕೊಡುವುದನ್ನು ಪುಸ್ತಕದವರು ಬಲ್ಲರು, ಕೊಟ್ಟದ್ದನ್ನು ಮರಳಿ ಕೇಳದವರನ್ನು ನಾನು ಬಲ್ಲೆ. ಅಜ್ಜ ತೀರಿಹೋದ ಮೇಲೂ ಎಲ್ಲ ಕಚೇರಿಗಳಿಗೆ ನಾನೇ ಹೋಗಿ ಬಂದಿದ್ದೇನೆ, ಅಂಜುತ್ತಲೇ.

ಇವತ್ತು ಬೆಳಿಗ್ಗೆ ಕಚೇರಿಯ ಕಿಟಕಿಯಲ್ಲಿದ್ದ ಹೊಸ ಹುಡುಗಿ ಗಂಡನ ಹೆಸರು ಕೇಳಿದಳು. ಒಡಪಿಲ್ಲದೆ, ಗಟ್ಟಿಯಾಗಿ, “ಈರಪ್ಪ” ಎಂದೆ. ಅವಳು ಇನ್ನೊಮ್ಮೆ ಕೇಳಲಿ ಎನ್ನಿಸಿತು.