ಪ್ಯಾರಾಮೀಸಿಯಂ ನೋಡುವ ಹಟ

ಮೂವತ್ತು ವರ್ಷ ಪ್ಯಾರಾಮೀಸಿಯಂ ಪಾಠ ಮಾಡಿದ ನಾನು ಜೀವಂತ ಪ್ಯಾರಾಮೀಸಿಯಂ ಒಂದನ್ನೂ ನೋಡಿರಲಿಲ್ಲ. ಕರಿಹಲಗೆಯ ಮೇಲೆ ಆ ಸೂಕ್ಷ್ಮಜೀವಿಯ ಚಪ್ಪಲಿಯಂಥ ಆಕಾರ ಬರೆದು, ಸುತ್ತ ಕಣ್ಣರೆಪ್ಪೆಯ ಕೂದಲಿನಂಥ ಲೋಮಾಂಗಗಳನ್ನು ಗೀಚಿ, ‘ಇವುಗಳ ಸಹಾಯದಿಂದ ಚಲಿಸುತ್ತದೆ’ ಎಂದರೆ ನನ್ನ ಕೆಲಸ ಮುಗಿಯುತ್ತಿತ್ತು. ಆ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಬೇಕಾದರೂ ಬರೆದೇನು. ನಿಜ ಹೇಳಬೇಕೆಂದರೆ, ಅಷ್ಟೂ ವರ್ಷ ಬರೆದದ್ದು ಹಾಗೆಯೇ.

ಈ ವರ್ಷ ಮುಳಬಾಗಿಲಿನ ನಮ್ಮ ಶಾಲೆಯ ಎಂಟನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಮಿಸ್, ಅದು ಹೆಂಗೆ ಓಡಾಡ್ತದೆ? ನೀವು ನೋಡಿದ್ದೀರಾ?” ಎಂದಳು. ನಾನು ಕೆಮ್ಮಿದೆ, ನೀರು ಕುಡಿದೆ, ಡಸ್ಟರ್ ಹುಡುಕಿದೆ. ಅವಳು ಕೂರಲಿಲ್ಲ. ನಿವೃತ್ತಿಗೆ ಮೂರೇ ತಿಂಗಳಿತ್ತು. ನೋಡದೆಯೇ ಮನೆಗೆ ಹೋದರೆ, ಕಾಣದ್ದನ್ನು ಕಂಡಂತೆ ಹೇಳಿ ಸಂಬಳ ತಿಂದವಳಾಗುತ್ತೇನೆ ಎನ್ನಿಸಿತು. “ನೋಡಿಲ್ಲ ಕಣೇ. ಆದ್ರೆ ನಿಮಗೆಲ್ಲ ತೋರಿಸೇ ರಿಟೈರ್ ಆಗ್ತೀನಿ” ಎಂದುಬಿಟ್ಟೆ.

ವಿಧಾನ ಸುಲಭ. ಕೆರೆನೀರಿಗೆ ಒಣಹುಲ್ಲು ಹಾಕಿ ವಾರ ಬಿಟ್ಟರೆ ಹುಲ್ಲು ಕೊಳೆಯುತ್ತದೆ, ಅದರಲ್ಲಿ ಬ್ಯಾಕ್ಟೀರಿಯಾ ಹೆಚ್ಚುತ್ತವೆ, ಅವನ್ನು ತಿಂದು ಪ್ಯಾರಾಮೀಸಿಯಂಗಳು ಹೆಚ್ಚುತ್ತವೆ. ರಾಗಿಹುಲ್ಲಿಗೆ ನಮ್ಮ ಕಡೆ ಬರವೇ? ಜಾಡಿಯೊಂದಕ್ಕೆ ತುಂಬಿ ಬಚ್ಚಲ ಪಕ್ಕ ಇಟ್ಟೆ. ಐದನೇ ದಿನ ನಾನು ಶಾಲೆಯಲ್ಲಿದ್ದಾಗ ಆಶಾ ಕಾರ್ಯಕರ್ತೆ ಬಂದಳು. ಡೆಂಗಿ ಬಾರದಂತೆ ಮನೆಮನೆಯ ನಿಂತ ನೀರನ್ನು ಚೆಲ್ಲಿಸುವುದು ಆಕೆಯ ಕೆಲಸ. ‘ಟೀಚರಮ್ಮನ ಮನೇಲೇ ಹಿಂಗಾದ್ರೆ ಹೆಂಗೆ?’ ಎಂದು ನನ್ನ ಜಾಡಿಯನ್ನು ಮಗುಚಿಟ್ಟು ಹೋದಳಂತೆ. ಬೈಯಲು ನನಗೆ ಬಾಯಿಲ್ಲ. ‘ನಿಂತ ನೀರು ಚೆಲ್ಲಿರಿ’ ಎಂದು ಮಕ್ಕಳಿಂದ ಬೀದಿಬೀದಿಯಲ್ಲಿ ಕೂಗಿಸಿದವಳು ನಾನೇ.

ಎರಡನೇ ಸಲ ಜಾಡಿಗೆ ಬಟ್ಟೆ ಕಟ್ಟಿ ಬೀರುವಿನ ಹಿಂದೆ ಬಚ್ಚಿಟ್ಟೆ. ಜೊತೆಯಲ್ಲೇ ಇರುವ ಗೌನಿಪಲ್ಲಿಯ ನಮ್ಮತ್ತೆಗೆ ಎಂಬತ್ತು ದಾಟಿದರೂ ಮೂಗು ಮಾತ್ರ ಇನ್ನೂ ಚುರುಕು. “ಏಮ್ಮಾ, ಮನೇಲಿ ಏನೋ ಸತ್ತೋಗೈತೆ” ಎಂದು ಹುಡುಕಿ ತೆಗೆದು, ಜಾಡಿಯನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದರು. ಸಿಟ್ಟಿಗೆ ಅಂದು ನಾನು ಮುದ್ದೆ ಮುಟ್ಟಲಿಲ್ಲ.

ಬಿಡುವವಳು ನಾನಲ್ಲ. ಮೂರನೇ ಸಲ ಅತ್ತೆಯನ್ನೇ ಕಾವಲಿಗೆ ಹಾಕಿದೆ. “ಇದರೊಳಗೆ ಜೀವ ಇದಾವೆ ಅತ್ತೆ, ಚೆಲ್ಲಬೇಡಿ.” “ಕಣ್ಣಿಗೆ ಕಾಣ್ದೇ ಇರೋದು ಅದೆಂಥಾ ಜೀವಾನೋ!” ಎಂದು ಗೊಣಗಿದರು. ಆದರೆ ಆಶಾ ಕಾರ್ಯಕರ್ತೆ ಬಂದಾಗ ಬಟ್ಟೆ ಕಟ್ಟಿದ ಜಾಡಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು, ಅವಳು ಗೇಟು ದಾಟುವವರೆಗೂ ಕದಲದೆ ಕೂತಿದ್ದರಂತೆ!

ಎಂಟನೇ ದಿನ ಶಾಲೆಯ ಸೂಕ್ಷ್ಮದರ್ಶಕದ ಧೂಳು ಒರೆಸಿ, ಗಾಜಿನ ಮೇಲೆ ಒಂದು ಹನಿ ಬಿಟ್ಟು, ಓಟಕ್ಕೆ ತಡೆಯಾಗಲೆಂದು ಹತ್ತಿಯ ಎಳೆಗಳನ್ನು ಹಾಕಿ ಕಣ್ಣಿಟ್ಟೆ. ಮೊದಲು ಬರೀ ಮಂಜು. ಆಮೇಲೆ, ಅಬ್ಬಾ, ಬಂತು! ಚಪ್ಪಲಿಯಂತೆ ಚಪ್ಪಟೆ ಬಿದ್ದಿರಲಿಲ್ಲ. ತಿರುಪಿನ ಮೊಳೆಯಂತೆ ಮೈ ತಿರುಗಿಸುತ್ತ ಈಜುತ್ತಿತ್ತು. ಹತ್ತಿಯ ಎಳೆಗೆ ಡಿಕ್ಕಿ ಹೊಡೆಯಿತು. ಲೋಮಾಂಗಗಳನ್ನು ತಿರುವುಮುರುವಾಗಿ ಬೀಸಿ ಹಿಂದೆ ಸರಿಯಿತು, ಕೊಂಚ ಓರೆಯಾಯಿತು, ಮತ್ತೆ ನುಗ್ಗಿತು. ಮತ್ತೆ ಡಿಕ್ಕಿ, ಮತ್ತೆ ಹಿಂದೆ, ಮತ್ತೆ ಓರೆ. ನಾಲ್ಕನೇ ಸಲಕ್ಕೆ ಸಂದು ಸಿಕ್ಕಿ ಪಾರಾಯಿತು. ಮಿದುಳಿಲ್ಲ, ನರವಿಲ್ಲ, ಇರುವುದೆಲ್ಲ ಒಂದೇ ಕೋಶ. ನನಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

ಆ ಹುಡುಗಿ ಬಹಳ ಹೊತ್ತು ನೋಡಿದಳು. ಕಣ್ಣು ತೆಗೆಯದೆ ಕೇಳಿದಳು: “ಮಿಸ್, ಅದಕ್ಕೆ ಸುಸ್ತಾಗಲ್ವಾ?”

“ಗೊತ್ತಿಲ್ಲ ಕಣೇ” ಎಂದೆ. ಪಾಠದ ನಡುವೆ ಈ ಮಾತು ಬಾಯಿಗೆ ಬಂದರೆ ಮರ್ಯಾದೆ ಹೋಗುತ್ತದೆಂದು ಇಷ್ಟು ವರ್ಷ ಹೆದರಿದ್ದೆ. ಏನೂ ಆಗಲಿಲ್ಲ. “ಜರುಗು, ನೋಡಿ ಹೇಳ್ತೀನಿ” ಎಂದು ಅವಳನ್ನು ಪಕ್ಕಕ್ಕೆ ಸರಿಸಿದೆ.